ಪದಚರ್ಚೆ: ಹಾರ್ಪೂನಿಗೆ ‘ಈಟಿ’ ಸಾಕಾ? ಕಪ್ತಾನನ ಮನೆಯ ಚಿತ್ರಕ್ಕೆ ಕೆಲವು ಪದಗಳು ಬೇಕು

ಗೆಳೆಯರೇ, ನಮಸ್ಕಾರ.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕೇಪ್ ಕಾಡ್‌ನಲ್ಲಿ ಈಸ್ಟಮ್ ಅಂತ ಒಂದು ಊರು. ಅಲ್ಲಿನ ಫೋರ್ಟ್ ಹಿಲ್‌ನಲ್ಲಿ ಕ್ಯಾಪ್ಟನ್ ಎಡ್ವರ್ಡ್ ಪೆನ್ನಿಮನ್ 1868ರಲ್ಲಿ ಕಟ್ಟಿಸಿದ ಹಳದಿ ಬಣ್ಣದ ಮರದ ಮನೆಯಿದೆ. ಈಗ ಅದು ರಾಷ್ಟ್ರೀಯ ಉದ್ಯಾನ ಇಲಾಖೆಯ ಸುಪರ್ದಿಯಲ್ಲಿದೆ. ಆ ಮನೆಯ ಪೆನ್ಸಿಲ್ ಚಿತ್ರಗಳನ್ನು ಬರೆಯುತ್ತಿದ್ದೇನೆ. ಒಂದೊಂದು ಚಿತ್ರದ ಕೆಳಗೂ ಕನ್ನಡದಲ್ಲಿ ನಾಲ್ಕು ಸಾಲು ಹಾಕುವ ಆಸೆ. ಚಿತ್ರ ಹೇಗೋ ಮುಗಿಯುತ್ತದೆ, ಸಾಲುಗಳ ಹತ್ತಿರ ಬಂದಾಗ ಪೆನ್ನು ನಿಂತುಬಿಡುತ್ತದೆ.

ಪೆನ್ನಿಮನ್ ಹುಟ್ಟಿದ್ದು 1831ರಲ್ಲಿ. ಹನ್ನೊಂದು ವರ್ಷದ ಹುಡುಗನಾಗಿದ್ದಾಗಲೇ ಮೀನುಗಾರಿಕೆ ಹಡಗಿನಲ್ಲಿ ಅಡುಗೆ ಕೆಲಸಕ್ಕೆ ಸೇರಿದರು. ಆಮೇಲೆ ನ್ಯೂ ಬೆಡ್‌ಫರ್ಡ್ ಬಂದರಿನಿಂದ ತಿಮಿಂಗಿಲ ಬೇಟೆಗೆ ಹೊರಟರು, ಕಪ್ತಾನರೂ ಆದರು. ಆಗಿನ ಬೇಟೆ ಹಡಗುಗಳು ಒಮ್ಮೆ ಹೊರಟರೆ ಮೂರು ನಾಲ್ಕು ವರ್ಷ ಮನೆ ಕಡೆ ತಲೆ ಹಾಕುತ್ತಿರಲಿಲ್ಲ. ಕೆಲವು ಸಲ ಹೆಂಡತಿ ಬೆಟ್ಸಿ ಆಗಸ್ಟಾ ಅವರೂ ಜೊತೆಗೆ ಹೋಗಿದ್ದರು. ಕಪ್ತಾನನ ಹೆಂಡತಿ ಇರುವ ಹಡಗಿಗೆ ನಾವಿಕರು ‘ಹೆನ್ ಫ್ರಿಗೇಟ್’ ಅನ್ನುತ್ತಿದ್ದರಂತೆ. ‘ಹೇಂಟೆ ಹಡಗು’ ಅಂದರೆ ಚೆನ್ನಾಗೇ ಇದೆ ಅಲ್ವಾ? ಅದಕ್ಕೆ ಯಾರ ಸಹಾಯವೂ ಬೇಡ.

ಸಹಾಯ ಬೇಕಾಗಿರುವುದು ಹಾರ್ಪೂನಿಗೆ, ಅಂದರೆ ದೋಣಿಯಿಂದ ತಿಮಿಂಗಿಲಕ್ಕೆ ಎಸೆಯುವ ಆಯುಧಕ್ಕೆ. ನಿಘಂಟು ತೆಗೆದರೆ ಈಟಿ, ಭರ್ಜಿ ಅಂತ ಕೊಡುತ್ತವೆ. ಈಟಿ ಅಂದ ತಕ್ಷಣ ನಮಗೆ ಬರುವುದು ಕೊಲ್ಲುವ ಆಯುಧದ ಚಿತ್ರ. ಆದರೆ ಹಾರ್ಪೂನು ಕೊಲ್ಲುವುದಕ್ಕಲ್ಲ, ಹಿಡಿದಿಟ್ಟುಕೊಳ್ಳುವುದಕ್ಕೆ. ಅದರ ಹಿಂದೆ ಉದ್ದನೆಯ ಹಗ್ಗ. ನ್ಯೂ ಬೆಡ್‌ಫರ್ಡ್‌ನಲ್ಲಿ ಲೂಯಿಸ್ ಟೆಂಪಲ್ ಎಂಬ ಕಪ್ಪು ಕಮ್ಮಾರ ಇದ್ದರು. 1848ರ ಸುಮಾರಿಗೆ ಅವರು ಮಾಡಿದ ಹಾರ್ಪೂನಿನ ತುದಿ ನೇರವಾಗಿ ಒಳಗೆ ಹೋಗಿ, ಹಗ್ಗ ಎಳೆದಾಗ ಮಾಂಸದೊಳಗೇ ಅಡ್ಡಕ್ಕೆ ತಿರುಗಿ ನಿಲ್ಲುತ್ತಿತ್ತು. ಎಷ್ಟು ಜಗ್ಗಿದರೂ ಕಳಚಿಕೊಳ್ಳುವುದು ಕಷ್ಟ. ಅವರು ಪೇಟೆಂಟ್ ಮಾಡಿಸಲಿಲ್ಲ, ಊರಿನ ಕಮ್ಮಾರರೆಲ್ಲ ಅದನ್ನೇ ಮಾಡಿ ಮಾರಿದರು. ಹಾರ್ಪೂನು ನಾಟಿದ ತಿಮಿಂಗಿಲ ಓಡುತ್ತದೆ, ಬೇಟೆಗೆಂದು ಹಡಗಿನಿಂದ ಇಳಿಸಿದ ಸಣ್ಣ ದೋಣಿಯನ್ನೂ ಎಳೆದುಕೊಂಡು ಹೋಗುತ್ತದೆ. ಅದು ಸುಸ್ತಾದ ಮೇಲೆ ತಿವಿದು ಕೊಲ್ಲುವುದಕ್ಕೆ ಬೇರೆಯೇ ಆಯುಧ, ಲ್ಯಾನ್ಸ್. ಈಟಿ ಅನ್ನಬೇಕಾಗಿರುವುದು ಇದಕ್ಕೆ.

ಹಾಗಾಗಿ ಹಾರ್ಪೂನಿಗೆ ‘ಗಾಳದೀಟಿ’ ಅಂತ ಬರೆದುಕೊಂಡಿದ್ದೇನೆ. ಗಾಳವೂ ಹೌದು, ಈಟಿಯೂ ಹೌದು. ‘ಕೊಕ್ಕೆಯೀಟಿ’ ಅಂತಲೂ ಯೋಚಿಸಿದೆ, ಬಾಯಿಗೆ ಅಷ್ಟು ಸಲೀಸಾಗಿ ಬರಲಿಲ್ಲ. ನಿಮ್ಮ ಅಭಿಪ್ರಾಯ?

ಅದನ್ನು ಎಸೆಯುವವನ ಹೆಸರು ಇನ್ನೂ ಗೋಜಲು. ಇಂಗ್ಲಿಷಿನಲ್ಲಿ ಅವನು ‘ಬೋಟ್‌ಸ್ಟಿಯರರ್’. ಮುಂದಿನ ತುದಿಯಲ್ಲಿ ನಿಂತು ಹಾರ್ಪೂನು ಎಸೆದವನು, ಅದು ನಾಟಿದ ಮೇಲೆ ಓಲಾಡುವ ದೋಣಿಯಲ್ಲೇ ಹಿಂದಕ್ಕೆ ಬಂದು ದೋಣಿಯ ದಿಕ್ಕು ಹಿಡಿಯುತ್ತಿದ್ದ. ಅಲ್ಲಿದ್ದ ಅಧಿಕಾರಿ ಮುಂದೆ ಹೋಗಿ ಈಟಿ ಹಿಡಿಯುತ್ತಿದ್ದ. ಯಾಕೆ ಹಾಗೆ ಅಂದರೆ, ಕೊಲ್ಲುವ ಮರ್ಯಾದೆ ಮೇಲಿನವನದು! ‘ಚುಕ್ಕಾಣಿಗ’ ಅಂದರೆ ಎಸೆಯುವ ಅರ್ಧ ಕೆಲಸ ಬಿಟ್ಟುಹೋಗುತ್ತದೆ. ಸುಮ್ನೆ ‘ಗಾಳದೀಟಿಯವನು’ ಅಂದುಬಿಡಲಾ?

ಒಂದು ಪದ ಮಾತ್ರ ತಾನಾಗಿ ಸಿಕ್ಕಿತು. ಹಡಗಿನ ಮೇಲೇ ಇಟ್ಟಿಗೆ ಒಲೆ ಕಟ್ಟಿ, ದೊಡ್ಡ ಕಬ್ಬಿಣದ ಪಾತ್ರೆಗಳಲ್ಲಿ ತಿಮಿಂಗಿಲದ ಕೊಬ್ಬು ಕಾಯಿಸಿ ಎಣ್ಣೆ ತೆಗೆಯುತ್ತಿದ್ದರು. ಎಣ್ಣೆ ಬಿಟ್ಟ ಮೇಲೆ ಉಳಿದ ಗರಿಗರಿ ಚೂರುಗಳನ್ನೇ ಒಲೆಗೆ ಹಾಕುತ್ತಿದ್ದರು. ನಮ್ಮ ಆಲೆಮನೆಯಲ್ಲಿ ಹಿಂಡಿದ ಕಬ್ಬಿನ ಸಿಪ್ಪೆಯನ್ನೇ ಉರಿಗೆ ಹಾಕುವ ಹಾಗೆ. ಅದಕ್ಕೇ ಆ ಪಾತ್ರೆಗೆ ‘ಕೊಪ್ಪರಿಗೆ’ ಅಂತಲೇ ಬರೆದೆ. ವಾಸನೆ ಮಾತ್ರ ಬೆಲ್ಲದ್ದಲ್ಲ, ಬಿಡಿ.

ಇನ್ನು ಮನೆಯ ವಿಷಯ. ಅಂಗಳಕ್ಕೆ ಹೋಗುವ ದಾರಿಯಲ್ಲಿ ತಿಮಿಂಗಿಲದ ಎರಡು ದವಡೆ ಎಲುಬುಗಳನ್ನು ನೆಟ್ಟಿದ್ದಾರೆ. ಕೆಳಗೆ ದಪ್ಪ, ಮೇಲೆ ಹೋದಂತೆ ಬಾಗಿ ತುದಿಗೆ ತುದಿ ಸೇರುತ್ತವೆ. ಹತ್ತಿರ ಹೋಗಿ ನೋಡಿದರೆ ಎಲುಬು ಅನ್ನಿಸುವುದಿಲ್ಲ. ಬಿಸಿಲು ಮಳೆಗೆ ಬೂದು ತಿರುಗಿದ ಹಳೇ ಮರದ ಥರ, ಉದ್ದುದ್ದ ಗೆರೆ, ಸಣ್ಣ ಸಣ್ಣ ತೂತು. ಇದಕ್ಕೆ ‘ತೋರಣ’ ಸರಿಯಾದ ಹಳೆಯ ಪದ. ಆದರೆ ಓದುವವರ ಕಣ್ಣಿಗೆ ಮಾವಿನ ಸೊಪ್ಪೇ ಬರುತ್ತದೆ. ‘ಎಲುಬಿನ ಕಮಾನು’ ಅಂತ ಇಟ್ಟುಕೊಂಡಿದ್ದೇನೆ.

ಮಾಡಿನ ನಡುವೆ, ಎಲ್ಲದಕ್ಕಿಂತ ಮೇಲೆ, ಸುತ್ತ ಕಿಟಕಿಗಳಿರುವ ಪುಟ್ಟ ಕೋಣೆಯಿದೆ. ಇಂಗ್ಲಿಷಿನ ಕ್ಯುಪೋಲಾ. ಅಲ್ಲಿಂದ ಒಂದು ಕಡೆ ಅಟ್ಲಾಂಟಿಕ್, ಇನ್ನೊಂದು ಕಡೆ ಕೇಪ್ ಕಾಡ್ ಕೊಲ್ಲಿ ಕಾಣುತ್ತವೆ. ‘ಗುಮ್ಮಟ’ ಅಂದರೆ ವಿಜಯಪುರಕ್ಕೇ ಹೋಗಿಬಿಡುತ್ತೇವೆ. ನನಗೆ ‘ಅಟ್ಟಣೆ’ ಇಷ್ಟ. ಎತ್ತರದಲ್ಲಿ ಕೂತು ಸುತ್ತ ಕಣ್ಣಿಡುವ ಜಾಗ ಅಂತ ಗೊತ್ತಾಗುತ್ತದೆ, ಬೇಕಾದರೆ ಹಿಂದೆ ‘ಗಾಜಿನ’ ಸೇರಿಸಬಹುದು. ಕೆಳಗೆ ಕಡಿದಾಗಿ, ಮೇಲೆ ಚಪ್ಪಟೆಯಾಗಿ ಮುರಿದಂತಿರುವ ಮಾಡಿನ ಹೆಸರು ಮ್ಯಾನ್ಸಾರ್ಡ್. ಅದು ಫ್ರಾನ್ಸಿನ ವಾಸ್ತುಶಿಲ್ಪಿಯ ಹೆಸರಿಂದ ಬಂದಿದ್ದು, ಹಾಗೇ ಇರಲಿ.

ಕೊನೆಗೆ ಕಪ್ತಾನ. ಕರಾವಳಿಯವರಿಗೆ ಈ ಪ್ರಶ್ನೆ, ನಾನು ಮಲೆನಾಡಿನವನು. ‘ತಾಂಡೇಲ’ ಅನ್ನುವುದು ಮೀನುಗಾರಿಕೆ ಬೋಟಿನ ಮುಖ್ಯಸ್ಥನಿಗೆ ಅಂತ ಕೇಳಿದ್ದೇನೆ. ‘ನಾಖುದಾ’ ಅನ್ನುವುದು ಸರಕಿನ ಹಡಗಿನವನಿಗೆ. ಪೆನ್ನಿಮನ್ ಹಿಡಿಯುತ್ತಿದ್ದದ್ದು ತಿಮಿಂಗಿಲ, ತರುತ್ತಿದ್ದದ್ದು ಪೀಪಾಯಿ ತುಂಬ ಎಣ್ಣೆ. ಇವರನ್ನು ತಾಂಡೇಲ ಪೆನ್ನಿಮನ್ ಅಂದರೆ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ಮಲ್ಪೆ, ಭಟ್ಕಳ, ಹೊನ್ನಾವರ ಕಡೆಯವರು ದಯವಿಟ್ಟು ಹೇಳಿ. ಹಾಗೇ, ಹಾಯಿ ಕಟ್ಟುವ ಕಂಬಕ್ಕೆ ‘ಕೂವೆ’ ಅನ್ನುವುದು ಮಾತಿನಲ್ಲಿ ಈಗಲೂ ಇದೆಯಾ, ಇಲ್ಲ ‘ಹಾಯಿಕಂಬ’ ಅಂದರೇ ಜಾಸ್ತಿ ಜನಕ್ಕೆ ತಿಳಿಯುತ್ತಾ?