ಬಿಒಎಸ್ (ಬೋರ್ಡ್ ಆಫ್ ಸ್ಟಡೀಸ್, ಸಿಲಬಸ್ ತೀರ್ಮಾನಿಸುವ ಸಮಿತಿ) ಮುಂದೆ ಮೊದಲ ಸಲ ಸಿಲಬಸ್ ಬದಲಾವಣೆ ಇಡುತ್ತಿದ್ದೇನೆ, ಅನುಭವ ಇದ್ದವರು ಹೇಳಿ

ಪ್ರಶ್ನೆ ಕೇಳಿದವರು

ನಮಸ್ಕಾರ. ಒಂದು ಸ್ವಾಯತ್ತ (ಸಿಲಬಸ್, ಪರೀಕ್ಷೆ ಕಾಲೇಜಿನದ್ದೇ) ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಸೇರಿ ನಾಲ್ಕು ವರ್ಷ ಆಯಿತು. ಬಿಎ ನಾಲ್ಕನೇ ಸೆಮಿಸ್ಟರಿನ ಕೃಷಿ ಅರ್ಥಶಾಸ್ತ್ರದ ಪೇಪರ್ ತೆಗೆದು, ಆ ಜಾಗಕ್ಕೆ ಕಂಪ್ಯೂಟರಿನಲ್ಲಿ ಅಂಕಿಅಂಶ ವಿಶ್ಲೇಷಣೆ ಕಲಿಸುವ ಪೇಪರ್ ತರಬೇಕು ಅಂತ ಆಸೆ. ಎಚ್‌ಒಡಿ (ವಿಭಾಗದ ಮುಖ್ಯಸ್ಥರು) "ಬರ್ಕೊಂಡು ಬನ್ನಿ, ಬಿಒಎಸ್‌ನಲ್ಲಿ ಇಡೋಣ" ಅಂದರು. ಸಭೆಗೆ ಇನ್ನು ಮೂರೇ ವಾರ. ಈ ಮಧ್ಯೆ ಪ್ರಿನ್ಸಿಪಾಲರು ಬೇರೆ, "ಹಾಗೇ ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ, ಕಂಪ್ಯೂಟರ್ ಅಂತ ಒಂದು ಹೊಸ ಕಾಂಬಿನೇಶನ್ ಮಾಡಿಬಿಡಿ" ಅಂದಿದ್ದಾರೆ. ಸಭೆಯಲ್ಲಿ ಏನೇನು ಕೇಳುತ್ತಾರೆ? ಏನು ತಯಾರಿ ಬೇಕು? ನಾನು ಇದುವರೆಗೆ ಬಿಒಎಸ್‌ನಲ್ಲಿ ಮೂಲೆಯಲ್ಲಿ ಕೂತು ಸಹಿ ಹಾಕಿ ಬಂದವಳು ಅಷ್ಟೇ.

ನಿವೃತ್ತ ಮೇಷ್ಟ್ರು

ನಮ್ಮ ಕಾಲೇಜಿನ ಬಿಒಎಸ್‌ಗೆ ಅಧ್ಯಕ್ಷನಾಗಿದ್ದೆ. ಆಮೇಲೆ ಬೇರೆ ಕಾಲೇಜುಗಳಿಗೆ ಹೊರಗಿನ ತಜ್ಞನಾಗಿ ಹೋಗುತ್ತಿದ್ದೆ. ಮೇಜಿನ ಎರಡೂ ಕಡೆ ಕೂತು ನೋಡಿದ್ದೇನೆ.

ಮೊದಲು, ಅಲ್ಲಿ ಯಾರ್ಯಾರು ಇರುತ್ತಾರೆ ನೋಡಿಕೊಳ್ಳಿ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದಲ್ಲಿ ಸ್ವಾಯತ್ತ ಕಾಲೇಜಿನ ಬಿಒಎಸ್‌ಗೆ ವಿಭಾಗದ ಮುಖ್ಯಸ್ಥರೇ ಅಧ್ಯಕ್ಷರು, ವಿಭಾಗದ ಅಧ್ಯಾಪಕರು ಸದಸ್ಯರು. ನಿಮ್ಮ ವಿಶ್ವವಿದ್ಯಾಲಯದ ಆಚೆಯಿಂದ ಇಬ್ಬರು ವಿಷಯ ತಜ್ಞರು. ಪ್ರಿನ್ಸಿಪಾಲರು ಆರು ಹೆಸರು ಕಳಿಸುತ್ತಾರೆ, ಅದರಲ್ಲಿ ಕುಲಪತಿಗಳು ಆರಿಸಿದವರು ಒಬ್ಬರು. ಉದ್ಯಮದ ಕಡೆಯವರು ಒಬ್ಬರು, ಹಳೆ ವಿದ್ಯಾರ್ಥಿ ಒಬ್ಬರು. ಅಂದರೆ ನೀವೂ ಸದಸ್ಯರೇ ಮೇಡಂ. ಕಟಕಟೆ ಹತ್ತುವವರ ಹಾಗೆ ಹೋಗಬೇಡಿ.

ಹೊಸ ಪೇಪರ್ ಒಳ್ಳೆಯದಾ ಅಂತ ಯಾರೂ ಜಾಸ್ತಿ ಹೊತ್ತು ಕೇಳುವುದಿಲ್ಲ. "ಹೌದು ಹೌದು, ಈಗಿನ ಕಾಲಕ್ಕೆ ಬೇಕು" ಅಂತ ಐದು ನಿಮಿಷದಲ್ಲಿ ಎಲ್ಲರೂ ತಲೆ ಆಡಿಸುತ್ತಾರೆ. ಜಗಳವೆಲ್ಲ ತೆಗೆಯುವ ಪೇಪರಿನದು. ನಮ್ಮ ಮಕ್ಕಳೆಲ್ಲ ರೈತರ ಮನೆಯವರು, ಅದನ್ನೇ ತೆಗೆದರೆ ಹೇಗೆ? ಕೆಎಎಸ್ ಬರೆಯುವವರು ಏನು ಮಾಡಬೇಕು? ನಾಳೆ ಎಂಎಗೆ ಹೋದಾಗ ಕೈ ಖಾಲಿ ಅಲ್ವಾ? ಈ ಮೂರು ಪ್ರಶ್ನೆ ಬಂದೇ ಬರುತ್ತವೆ. ನಾಲ್ಕನೆಯದು ಬಾಯಿಗೆ ಬರುವುದಿಲ್ಲ, ಆದರೆ ಎಲ್ಲಕ್ಕಿಂತ ದೊಡ್ಡದು ಅದೇ: ಆ ಪೇಪರ್ ಇಷ್ಟು ವರ್ಷ ಯಾರು ಪಾಠ ಮಾಡುತ್ತಿದ್ದರು?

ಒಂದು ಕಾಲೇಜಿಗೆ ತಜ್ಞನಾಗಿ ಹೋಗಿದ್ದೆ. ಒಬ್ಬ ಹುಡುಗ ಮೇಷ್ಟ್ರು ಐದು ಯೂನಿಟ್‌ಗಳ ಚೆಂದದ ಸಿಲಬಸ್ ತಂದಿದ್ದರು. ಪರದೆ ಮೇಲೆ ತೋರಿಸಿ ವಿವರಿಸಿದರು. ಹೊರಗಿನಿಂದ ಹೋದ ನಾವು ಭೇಷ್ ಅಂದೆವು. ಇನ್ನೇನು ಉಪ್ಪಿಟ್ಟು, ಕೇಸರಿಬಾತು ಬರಬೇಕು. ಅಷ್ಟರಲ್ಲಿ ಅಷ್ಟು ಹೊತ್ತು ಸುಮ್ಮನಿದ್ದ ಹಿರಿಯರೊಬ್ಬರು ಹಾಳೆಗಳನ್ನು ಹಿಂದೆ ಮುಂದೆ ತಿರುವಿ, "ಇದರಲ್ಲಿ ನನ್ನ ಪೇಪರ್ ಎಲ್ಲಿ?" ಅಂದರು. ಒಬ್ಬರೂ ಬಾಯಿ ಬಿಡಲಿಲ್ಲ. ನಡಾವಳಿಯಲ್ಲಿ "ಉಪಸಮಿತಿಗೆ ಒಪ್ಪಿಸಲಾಗಿದೆ" ಅಂತ ಬರೆದರು. ಆ ಉಪಸಮಿತಿ ಒಂದು ದಿನವೂ ಸೇರಲಿಲ್ಲ ಅಂತ ಮುಂದಿನ ವರ್ಷ ಗೊತ್ತಾಯಿತು.

ಅದಕ್ಕೇ ಹೇಳುವುದು. ಇವತ್ತೇ ಹೋಗಿ ಆ ಹಿರಿಯರ ಪಕ್ಕ ಕೂತು ಒಂದು ಕಾಫಿ ಕುಡಿಯಿರಿ. ಸಿಲಬಸ್ ಆಮೇಲೆ ಬರೆದರಾಯಿತು.

ಇನ್ನು ಕಾಗದದ ವಿಷಯ. ಹಳೆಯದು, ಹೊಸದು, ಬದಲಾವಣೆಗೆ ಕಾರಣ ಅಂತ ಮೂರು ಮನೆ ಮಾಡಿ ಎರಡು ಪುಟದಲ್ಲಿ ಬರೆಯಿರಿ. ಒಂದು ವಾರ ಮುಂಚೆಯೇ ಹೊರಗಿನವರಿಗೆ ಕಳಿಸಿ. ಎಲ್ಲರೂ ಮನೆಯಲ್ಲಿ ಕೂತು ಓದುತ್ತಾರೆ ಅಂತಲ್ಲ. ನಾನೂ ಎಷ್ಟೋ ಸಲ ಬರುವಾಗ ಬಸ್ಸಿನಲ್ಲೇ ಓದಿದ್ದೇನೆ. ಎರಡು ಪುಟ ಆದರೆ ಬಸ್ಸಿನಲ್ಲೂ ಓದಬಹುದು.

ಪರೀಕ್ಷಾ ವಿಭಾಗದಲ್ಲಿ ಇರುವವನು

ಮೇಷ್ಟ್ರು ಹೇಳಿದ್ದು ಸಭೆ ಮುಗಿಯುವ ತನಕದ ಕಥೆ. ಆಮೇಲೆ ಆ ಕಾಗದ ನಮ್ಮ ಟೇಬಲ್ಲಿಗೆ ಬರುತ್ತದೆ.

ರಾಜ್ಯದಲ್ಲಿ 2021-22ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಸಿಲಬಸ್ ಬಂತು. 2024-25ರಿಂದ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ತಂದಿತು. ಆ ವರ್ಷ ನಮ್ಮಲ್ಲಿ ಮೊದಲ ವರ್ಷದವರಿಗೆ ಒಂದು ಸಿಲಬಸ್, ಎರಡು-ಮೂರನೇ ವರ್ಷದವರಿಗೆ ಇನ್ನೊಂದು, ಎನ್‌ಇಪಿಗಿಂತ ಹಿಂದಿನ ರಿಪೀಟರ್ಸ್‌ಗೆ ಮತ್ತೊಂದು. ಒಂದೇ ಬೆಳಿಗ್ಗೆ ಒಂದೇ ವಿಷಯಕ್ಕೆ ಮೂರು ಕವರ್ ಒಡೆದಿದ್ದೇವೆ. ಒಂದು ರೂಮಿನಲ್ಲಿ ರಿಪೀಟರ್ ಹುಡುಗಿಯೊಬ್ಬಳಿಗೆ ಬೇರೆಯವರ ಪೇಪರ್ ಹೋಯಿತು. ಪಾಪ, ಅರ್ಧ ಗಂಟೆ ಬರೆದಿದ್ದಾಳೆ. ಆಮೇಲೆ ಎದ್ದು, "ಸರ್, ಇದು ನಾನು ಓದಿದ್ದಲ್ಲ" ಅಂದಳು.

ಆದ್ದರಿಂದ ನಡಾವಳಿ ಬರೆಯುವಾಗ ಒಂದು ಸಾಲು ನೋಡಿಕೊಳ್ಳಿ. "2026-27ರಿಂದ ಜಾರಿ" ಅಂತ ಬರೆದರೆ, ಈಗಾಗಲೇ ಸೇರಿ ಆ ವರ್ಷ ನಾಲ್ಕನೇ ಸೆಮಿಸ್ಟರಿಗೆ ಬರುವ ಮಕ್ಕಳಿಗೂ ಹೊಸ ಪೇಪರ್. "2026-27ರಲ್ಲಿ ಪ್ರವೇಶ ಪಡೆದವರಿಗೆ" ಅಂತ ಬರೆದರೆ, ಅದು ಕ್ಲಾಸಿಗೆ ಬರುವುದೇ 2027-28ರಲ್ಲಿ. ಪದ ಒಂದೇ ಹೆಚ್ಚು, ವ್ಯತ್ಯಾಸ ಒಂದು ವರ್ಷ. ಯಾವುದು ಬೇಕೋ ಸ್ಪಷ್ಟವಾಗಿ ಬರೆಸಿ. ಹಳೆ ಪೇಪರಿನಲ್ಲಿ ಫೇಲಾದವರು ಎಷ್ಟು ಸಲ ಹಳೆಯದನ್ನೇ ಬರೆಯಬಹುದು, ಆಮೇಲೆ ಅದರ ಬದಲು ಯಾವ ಪೇಪರ್, ಅದನ್ನೂ ಸೇರಿಸಿ. ಮಾದರಿ ಪ್ರಶ್ನೆಪತ್ರಿಕೆ ಇಲ್ಲದೆ ಸಿಲಬಸ್ ಮಾತ್ರ ಕಳಿಸಿದರೆ ಪೇಪರ್ ಸೆಟ್ಟರ್ ನಮಗೇ ಫೋನ್ ಮಾಡುತ್ತಾರೆ. ದಯವಿಟ್ಟು.

ಸಸ್ಯಶಾಸ್ತ್ರದ ಮೇಡಂ

ಅರ್ಥಶಾಸ್ತ್ರದವರು ಪ್ರಾಕ್ಟಿಕಲ್ ಲೋಕಕ್ಕೆ ಬರುತ್ತಿದ್ದೀರಿ, ಸ್ವಾಗತ! ಒಂದು ಲೆಕ್ಕ ಹಾಕಿದ್ದೀರಾ?

ಥಿಯರಿಯಲ್ಲಿ ಒಂದು ಕ್ರೆಡಿಟ್ ಅಂದರೆ ವಾರಕ್ಕೆ ಒಂದು ಗಂಟೆ. ಪ್ರಾಕ್ಟಿಕಲ್‌ನಲ್ಲಿ ಒಂದು ಕ್ರೆಡಿಟ್‌ಗೆ ಎರಡು ಗಂಟೆ. ನಿಮ್ಮ ಹಳೆ ಪೇಪರ್ ನಾಲ್ಕು ಕ್ರೆಡಿಟ್ ಅಂತ ಇಟ್ಟುಕೊಳ್ಳೋಣ, ಮೇಷ್ಟ್ರಿಗೆ ವಾರಕ್ಕೆ ನಾಲ್ಕು ಗಂಟೆ ಪಾಠ. ಹೊಸದು ಮೂರು ಥಿಯರಿ, ಒಂದು ಲ್ಯಾಬ್ ಆದರೆ ಕ್ರೆಡಿಟ್ ಅಷ್ಟೇ. ಆದರೆ ಕ್ಲಾಸಿನಲ್ಲಿ 60 ಮಕ್ಕಳು, ಲ್ಯಾಬಿನಲ್ಲಿ 30 ಕಂಪ್ಯೂಟರ್. ಎರಡು ಬ್ಯಾಚ್ ಬೇಕು. ಮೂರು ಗಂಟೆ ಪಾಠ, ನಾಲ್ಕು ಗಂಟೆ ಲ್ಯಾಬ್, ಒಟ್ಟು ಏಳು. ಅಸಿಸ್ಟೆಂಟ್ ಪ್ರೊಫೆಸರಿಗೆ ಯುಜಿಸಿ ಹೇಳುವುದು ವಾರಕ್ಕೆ 16 ಗಂಟೆ. ಹೆಚ್ಚಾದ ಮೂರು ಗಂಟೆ ಯಾರ ತಲೆಗೆ? ಅತಿಥಿ ಉಪನ್ಯಾಸಕರಿಗೆ ಅಂದರೆ ದುಡ್ಡು ಎಲ್ಲಿಂದ? ಇದನ್ನು ಸಭೆಯಲ್ಲಿ ಬೇರೆಯವರು ಕೇಳುವ ಮೊದಲು ನೀವೇ ಹೇಳಿಬಿಡಿ. ಅರ್ಧ ವಿರೋಧ ಅಲ್ಲೇ ಕಡಿಮೆ.

ಇನ್ನೊಂದು. ಆ ಲ್ಯಾಬ್ ಯಾರದ್ದು? ಕಂಪ್ಯೂಟರ್ ಸೈನ್ಸ್‌ನವರದ್ದಾದರೆ ಅವರ ಬಿಸಿಎ ಟೈಮ್‌ಟೇಬಲ್ ನೋಡಿ, ಖಾಲಿ ಇರುವ ಸಮಯ ಬರೆಸಿಕೊಂಡು ಬನ್ನಿ. ಬಾಯಿಮಾತು ಬೇಡ. ನಮಗೆ ಬಾಯಿಮಾತಿನಲ್ಲಿ ಲ್ಯಾಬ್ ಕೊಟ್ಟಿದ್ದರು, ಜೂನ್‌ನಲ್ಲಿ ಬೀಗ ಹಾಕಿಕೊಂಡರು.

ಪ್ರಶ್ನೆ ಕೇಳಿದವರು

ಮೇಡಂ, ಈ ಏಳು ಗಂಟೆ ಲೆಕ್ಕ ನನಗೆ ಹೊಳೆದೇ ಇರಲಿಲ್ಲ. ನಮ್ಮ ಲ್ಯಾಬಿನಲ್ಲಿ ಕೆಲಸ ಮಾಡುವ ಕಂಪ್ಯೂಟರ್ 22. ಮೂರು ಬ್ಯಾಚ್ ಆಗುತ್ತದೆ, ಅಂದರೆ ಒಂಬತ್ತು ಗಂಟೆ. ತಲೆ ತಿರುಗುತ್ತಿದೆ.

ಅಮೆರಿಕದಿಂದ, ಮೂಲ ಶಿವಮೊಗ್ಗ

ಇಲ್ಲಿ ಒಂದು ಸರ್ಕಾರಿ ವಿಶ್ವವಿದ್ಯಾಲಯದ ಕರಿಕ್ಯುಲಂ ಕಮಿಟಿಯಲ್ಲಿದ್ದೆ. ಬಿಒಎಸ್‌ನಂತಹ ಒಂದೇ ಸಭೆ ಇಲ್ಲಿಲ್ಲ. ವಿಭಾಗ, ಆಮೇಲೆ ಕಾಲೇಜು, ಆಮೇಲೆ ಇಡೀ ವಿಶ್ವವಿದ್ಯಾಲಯದ ಅಧ್ಯಾಪಕರ ಸಮಿತಿ, ಹೀಗೆ ಮೆಟ್ಟಿಲು ಹತ್ತಬೇಕು. ಹೊಸ ಮೇಜರ್ ಆದರೆ ಅದರಾಚೆಗೂ ಹೋಗುತ್ತದೆ. ಮಕ್ಕಳು ಸಾಮಾನ್ಯವಾಗಿ ಸೇರಿದ ವರ್ಷದ ಕ್ಯಾಟಲಾಗ್ (ಕೋರ್ಸ್, ನಿಯಮಗಳ ಪಟ್ಟಿ) ಪ್ರಕಾರವೇ ಡಿಗ್ರಿ ಮುಗಿಸಬಹುದು. ಹಾಗಾಗಿ ಪರೀಕ್ಷಾ ವಿಭಾಗದವರು ಹೇಳಿದ "ಯಾವ ಬ್ಯಾಚಿಗೆ" ತಲೆನೋವು ಇಲ್ಲಿ ಸ್ವಲ್ಪ ಕಡಿಮೆ.

ಆದರೆ ನಾನು ಪೆಟ್ಟು ತಿಂದಿದ್ದು ಬೇರೆ ಕಡೆ. ನಮ್ಮ ವಿಭಾಗದ ಒಂದು ಹಳೇ ಕೋರ್ಸ್ ತೆಗೆದೆವು. ಯಾರೂ ಸೇರುತ್ತಿಲ್ಲ ಅಂದುಕೊಂಡಿದ್ದೆವು. ನರ್ಸಿಂಗ್‌ನವರ ಮೇಜರ್‌ನಲ್ಲಿ ಅದು ಕಡ್ಡಾಯ ಪಟ್ಟಿಯಲ್ಲಿತ್ತು! ಅವರ ಮಕ್ಕಳು ಕೊನೆಯ ವರ್ಷದಲ್ಲಿ ಸಿಕ್ಕಿಬಿದ್ದರು. ಈಗ ಇಲ್ಲಿ ಕೋರ್ಸ್ ತೆಗೆಯುವ ಫಾರಂ ತೆರೆದರೆ, ಅದನ್ನು ಬಳಸುವ ಎಲ್ಲ ವಿಭಾಗಗಳ ಪಟ್ಟಿಯನ್ನು ಸಾಫ್ಟ್‌ವೇರೇ ತೋರಿಸುತ್ತದೆ. ಅವರಿಂದ ಒಪ್ಪಿಗೆ ಪತ್ರ ಬರದೆ ಸಮಿತಿ ಮುಂದೆ ಹೋಗುವುದಿಲ್ಲ. ನಿಮ್ಮಲ್ಲಿ ಸಾಫ್ಟ್‌ವೇರ್ ಇಲ್ಲದಿದ್ದರೆ ಕಾಲಿದೆಯಲ್ಲ. ಗ್ರಾಮೀಣಾಭಿವೃದ್ಧಿ, ವಾಣಿಜ್ಯ, ಸಮಾಜಕಾರ್ಯ, ಎಲ್ಲ ವಿಭಾಗದ ಬಾಗಿಲಿಗೂ ಹೋಗಿ, "ನಿಮ್ಮ ಮಕ್ಕಳು ಯಾರಾದರೂ ಕೃಷಿ ಅರ್ಥಶಾಸ್ತ್ರ ತಗೊಳ್ತಾರಾ?" ಅಂತ ಕೇಳಿ ಬನ್ನಿ.

ಹಳೆ ವಿದ್ಯಾರ್ಥಿ ಪ್ರತಿನಿಧಿ

ನಾನು ಓದಿದ ಕಾಲೇಜಿನ ಬಿಒಎಸ್‌ಗೆ ಹೋಗುತ್ತೇನೆ. ಮೊದಲ ವರ್ಷ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ, "ಸಹಿ ಹಾಕಿದ್ರಾ?" ಎರಡನೇ ವರ್ಷ ನಾನೇ ಬಾಯಿ ಬಿಟ್ಟೆ. ಬ್ಯಾಂಕಿನಲ್ಲಿ ಕೆಲಸ ನನ್ನದು. ಕಂಪ್ಯೂಟರ್ ಶೀಟಿನಲ್ಲಿ ಒಂದು ಸರಾಸರಿ ತೆಗೆಯೋಕೂ ಬರದೆ ಮೊದಲ ತಿಂಗಳು ಪರದಾಡಿದ್ದನ್ನು ಹೇಳಿದೆ. ಸಭೆಗೆ ಮುಂಚೆ ಇಂಥವರಿಗೆ ಫೋನ್ ಮಾಡಿ ಮೇಡಂ. ನೀವು ಹೇಳಿದರೆ ಅದು ಆಸೆ, ನಾವು ಹೇಳಿದರೆ ಅನುಭವ ಅಂತ ನಡಾವಳಿಗೆ ಹೋಗುತ್ತದೆ.

ನಿವೃತ್ತ ಮೇಷ್ಟ್ರು

ಕಾಂಬಿನೇಶನ್ ಮಾತು ಬಿಟ್ಟೇಹೋಗಿತ್ತು. ಅದನ್ನು ಈ ಪೇಪರಿನ ಜೊತೆ ಗಂಟು ಹಾಕಬೇಡಿ. ಒಂದೊಂದು ವಿಷಯಕ್ಕೂ ಅದರದೇ ಬಿಒಎಸ್. ಕಾಂಬಿನೇಶನ್ ಮೂರು ವಿಭಾಗಕ್ಕೂ ಸೇರಿದ್ದು, ಹಾಗಾಗಿ ಅದು ಅಕಾಡೆಮಿಕ್ ಕೌನ್ಸಿಲ್‌ಗೆ (ಬಿಒಎಸ್‌ಗಳ ಮೇಲಿನ, ಇಡೀ ಕಾಲೇಜಿನ ಸಮಿತಿ) ಹೋಗಬೇಕು. ಅಲ್ಲಿ ಪ್ರಿನ್ಸಿಪಾಲರೇ ಅಧ್ಯಕ್ಷರು, ವಿಶ್ವವಿದ್ಯಾಲಯದ ಮೂವರು ಪ್ರತಿನಿಧಿಗಳೂ ಇರುತ್ತಾರೆ. ಕಾಲೇಜು ಸ್ವಾಯತ್ತವಾದರೂ ಪದವಿ ಕೊಡುವುದು ವಿಶ್ವವಿದ್ಯಾಲಯವೇ. ಅವರ ಮೊದಲ ಪ್ರಶ್ನೆ, ಇದು ಬಿಎನೋ ಬಿಎಸ್ಸಿನೋ? ನಿಮ್ಮ ಹತ್ತಿರ ಉತ್ತರ ಇದೆಯಾ? ಇಲ್ಲದಿದ್ದರೆ ಈ ವರ್ಷ ಬೇಡ ಅಂತ ಪ್ರಿನ್ಸಿಪಾಲರಿಗೆ ಮೆಲ್ಲಗೆ ಹೇಳಿ. ಎಚ್‌ಇಪಿ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ) ತರದ ಹಳೆ ಕಾಂಬಿನೇಶನ್ ಟೈಮ್‌ಟೇಬಲ್ ಒಳಗೆ ಇದನ್ನು ತೂರಿಸುವುದೂ ಸಣ್ಣ ಕೆಲಸ ಅಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ನಿನ್ನೆ ಕೃಷಿ ಅರ್ಥಶಾಸ್ತ್ರ ಪಾಠ ಮಾಡುವ ಸರ್ ಜೊತೆ ಕಾಫಿ ಆಯಿತು. ಮೊದಲು ಮುಖ ಗಂಟಿಕ್ಕಿಕೊಂಡರು. ಆಮೇಲೆ ಅವರೇ ಒಂದು ದಾರಿ ತೋರಿಸಿದರು. ಪೇಪರ್ ತೆಗೆಯುವುದು ಬೇಡ. ಅದರ ಮೂರನೇ ಯೂನಿಟ್ ಕೃಷಿ ಬೆಲೆಗಳ ಏರಿಳಿತ. ಇಷ್ಟು ದಿನ ಅದನ್ನು ನೋಟ್ಸ್ ಬರೆಸಿ ಮುಗಿಸುತ್ತಿದ್ದರಂತೆ. ಅದನ್ನು ಲ್ಯಾಬ್ ಮಾಡೋಣ ಅಂದರು. ಸರ್ಕಾರದ ಕೃಷಿ ಮಾರಾಟವಾಹಿನಿ ವೆಬ್‌ಸೈಟಿನಲ್ಲಿ ದಿನದಿನದ ಮಾರುಕಟ್ಟೆ ಬೆಲೆ ಸಿಗುತ್ತದೆ. ಕೋಲಾರದ ಟೊಮೆಟೊ ಬೆಲೆಯನ್ನು ಮಕ್ಕಳು ತಾವೇ ಶೀಟಿಗೆ ಹಾಕಿ, ಸರಾಸರಿ ತೆಗೆದು, ಗೆರೆ ಎಳೆದು ನೋಡಲಿ. "ನೀವು ಮೌಸ್ ಹಿಡೀರಿ, ಬೆಲೆ ಯಾಕೆ ಬಿತ್ತು ಅಂತ ನಾನು ಹೇಳ್ತೀನಿ" ಅಂದರು. ಕಾಂಬಿನೇಶನ್ ಸದ್ಯಕ್ಕೆ ಮುಂದಕ್ಕೆ ಹೋಗಿದೆ. ಪ್ರಿನ್ಸಿಪಾಲರಿಗೆ ಬಿಎನೋ ಬಿಎಸ್ಸಿನೋ ಅಂತ ಕೇಳಿದೆ, "ನೋಡೋಣ" ಅಂದರು.

ಒಂದು ಸಂದೇಹ. ಪೇಪರಿನ ಹೆಸರು ಹಾಗೇ ಇರುತ್ತದೆ. ಹಳೆ ಕೋಡ್‌ನಲ್ಲೇ (ಪೇಪರಿನ ಗುರುತಿನ ಸಂಖ್ಯೆ) ನಡೆಯುತ್ತದಾ?

ಪರೀಕ್ಷಾ ವಿಭಾಗದಲ್ಲಿ ಇರುವವನು

ಯೂನಿಟ್ ಒಳಗೆ ಮಾತ್ರ ಬದಲಾವಣೆ ಆಗಿ, ಪರೀಕ್ಷೆ ಮೊದಲಿನ ಹಾಗೇ ಇದ್ದರೆ ನಾವು ಹಳೆ ಕೋಡ್ ಇಡುತ್ತೇವೆ. ಲ್ಯಾಬ್ ಅನ್ನು ಇಂಟರ್ನಲ್ ಅಂಕದಲ್ಲಿ ಸೇರಿಸಿಕೊಳ್ಳಿ. ಪ್ರಾಕ್ಟಿಕಲ್ ಪರೀಕ್ಷೆ ಅಂತ ಬೇರೆ ಮಾಡಿದರೆ ಅಂಕಪಟ್ಟಿಯಲ್ಲಿ ಅದಕ್ಕೆ ಬೇರೆ ಸಾಲು ಬೇಕು. ಆಗ ಹೆಸರು ಒಂದೇ ಆದರೂ ಹೊಸ ಕೋಡ್ ಹಾಕಿಸಿ. ಇಲ್ಲದಿದ್ದರೆ ಹಳೆ ರಿಪೀಟರ್‌ಗಳ ಅಂಕಪಟ್ಟಿಯಲ್ಲಿ ಪ್ರಾಕ್ಟಿಕಲ್‌ಗೆ ಗೈರುಹಾಜರಿ ಅಂತ ಬಂದು ಕೂರುತ್ತದೆ. ಎರಡರಲ್ಲಿ ಯಾವುದು ಅಂತ ಸಭೆಗೆ ಮೊದಲು ನಿಮ್ಮ ಪರೀಕ್ಷಾ ವಿಭಾಗಕ್ಕೆ ಒಂದು ಸಲ ಹೋಗಿ ಕೇಳಿಕೊಂಡೇ ಬರೆಯಿರಿ. ಮಧ್ಯಾಹ್ನ ಮೂರರ ಮೇಲೆ ಹೋಗಿ, ಬೆಳಿಗ್ಗೆ ಯಾರಿಗೂ ಪುರುಸೊತ್ತು ಇರಲ್ಲ.