ಮೂತ್ರ ಚಹಾ ಬಣ್ಣಕ್ಕೆ ತಿರುಗಿದರೂ "ಲಿವರ್ ವೀಕ್" ಅಂದರು, ಐದನೇ ದಿನ ನಾಯಿ ಹೋಯಿತು. ತಪ್ಪು ಎಲ್ಲಾಯಿತು?

ಬಾಲದ_ಮನೆ:
ಬೀಗಲ್, ಗಂಡು, 4 ವರ್ಷ, 13 ಕೆ.ಜಿ. ಲಸಿಕೆಗಳೆಲ್ಲ ಆಗಿದ್ದವು. ಮೈಮೇಲೆ ಆಗಾಗ ಉಣ್ಣೆ (ರಕ್ತ ಹೀರುವ ಟಿಕ್) ಸಿಗುತ್ತಿತ್ತು.

1ನೇ ದಿನ: ಜ್ವರ 104.2, ಊಟ ಬಿಟ್ಟಿತ್ತು. ವೈರಲ್ ಇರಬಹುದು ಎಂದು ಸೆಫ್ಟ್ರಿಯಾಕ್ಸೋನ್ (ಆ್ಯಂಟಿಬಯೋಟಿಕ್), ಮೆಲಾಕ್ಸಿಕ್ಯಾಮ್ (ಜ್ವರ, ನೋವಿನ ಮದ್ದು) ಇಂಜೆಕ್ಷನ್ ಕೊಟ್ಟರು.
3ನೇ ದಿನ: ಮೂತ್ರ ಕಡು ಚಹಾದಂತೆ. ಲಿವರ್ ಟಾನಿಕ್, ಡ್ರಿಪ್. ರಕ್ತ ತೆಗೆಯಲಿಲ್ಲ.
5ನೇ ದಿನ: ಇನ್ನೊಂದು ಆಸ್ಪತ್ರೆ. ಹಿಮೋಗ್ಲೋಬಿನ್ 4.1, ಪ್ಲೇಟ್‌ಲೆಟ್ 31,000, ವಸಡು ಹಳದಿ. ಸ್ಮಿಯರ್ (ರಕ್ತದ ಹನಿಯನ್ನು ಗಾಜಿನ ಮೇಲೆ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡುವುದು) ನೆಗೆಟಿವ್. ರಕ್ತ ಹೊಂದಿಸುವಷ್ಟರಲ್ಲಿ ಹೋಯಿತು. ನಿನ್ನೆ ತೋಟದಲ್ಲಿ ಹೂತೆವು.

ಮನೆಯಲ್ಲೇ ಡಾಕ್ಸಿ ಮಾತ್ರೆ ಇತ್ತು, ಮೊದಲ ದಿನವೇ ಹಾಕಿದ್ದರೆ ಉಳಿಯುತ್ತಿತ್ತು ಅಂತ ನೋಡಲು ಬಂದವರೆಲ್ಲ ಹೇಳುತ್ತಿದ್ದಾರೆ. ನಿಜವೇ? ಮೊದಲ ವೈದ್ಯರ ಮೇಲೆ ದೂರು ಕೊಡಬಹುದೇ? ಮನೆಯಲ್ಲಿ ಇನ್ನೊಂದು ಹೆಣ್ಣು ನಾಯಿ ಇದೆ, ಅದಕ್ಕೇನು ಮಾಡಲಿ?

ಸ್ಲೈಡ್_ನೋಡುವವ:
ಡಾಕ್ಸಿ ವಿಷಯ ಮೊದಲು. "ಟಿಕ್ ಫೀವರ್" (ಉಣ್ಣೆಯಿಂದ ಬರುವ ಜ್ವರ) ಎಂದು ನಾವು ಒಂದೇ ಹೆಸರಲ್ಲಿ ಕರೆಯುವುದು ಬೇರೆಬೇರೆ ಕಾಯಿಲೆಗಳನ್ನು. ಡಾಕ್ಸಿಸೈಕ್ಲಿನ್ ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾಕ್ಕೆ ಮದ್ದು, ದಿನಕ್ಕೆ ಕೆ.ಜಿ.ಗೆ 10 ಮಿ.ಗ್ರಾಂ.ನಂತೆ 28 ದಿನ. ನೀವು ಬರೆದ ಚಿತ್ರ ಹೆಚ್ಚು ಹೊಂದುವುದು ಬೆಬೀಸಿಯಾ ಎಂಬ ಪರಾವಲಂಬಿ ಜೀವಿಗೆ. ಅದು ಕೆಂಪು ರಕ್ತಕಣದ ಒಳಗೇ ಕೂತು ಕಣವನ್ನು ಒಡೆಯುತ್ತದೆ. ಒಡೆದ ಕಣದ ಹಿಮೋಗ್ಲೋಬಿನ್ ಮೂತ್ರಕ್ಕೆ ಇಳಿದಾಗ ಆ ಬಣ್ಣ. ದೊಡ್ಡ ಜಾತಿಯ ಬೆಬೀಸಿಯಾಕ್ಕೆ ಇಮಿಡೋಕಾರ್ಬ್, ಕೆ.ಜಿ.ಗೆ 6.6 ಮಿ.ಗ್ರಾಂ., ಎರಡು ವಾರದ ಅಂತರದಲ್ಲಿ ಎರಡು ಸಲ. ದಕ್ಷಿಣದ ನಾಯಿಗಳಲ್ಲಿ ಸಾಕಷ್ಟು ಕಾಣುವ ಬೆಬೀಸಿಯಾ ಗಿಬ್ಸೋನಿ ಈ ಇಂಜೆಕ್ಷನ್‌ಗೂ ಸರಿಯಾಗಿ ಬಗ್ಗುವುದಿಲ್ಲ. ಅದಕ್ಕೆ ಅಟೊವಾಕ್ವೋನ್ ಜೊತೆ ಅಜಿಥ್ರೊಮೈಸಿನ್, 10 ದಿನ. ಹಾಗಾಗಿ ಬೆಬೀಸಿಯಾ ಆಗಿದ್ದರೆ ನಿಮ್ಮ ಕಪಾಟಿನ ಡಾಕ್ಸಿ ಒಂದೇ ಅದನ್ನು ಉಳಿಸುತ್ತಿರಲಿಲ್ಲ. ನೋಡಲು ಬಂದವರಿಗೆ ಇದನ್ನು ಹೇಳಿಬಿಡಿ.

ಮೊದಲ ದಿನ ಬರೀ ಜ್ವರ ಕಂಡು ಆ್ಯಂಟಿಬಯೋಟಿಕ್ ಕೊಟ್ಟಿದ್ದನ್ನು ದೊಡ್ಡ ತಪ್ಪು ಎನ್ನಲಾರೆ. ಆದರೆ ಉಣ್ಣೆ ಇರುವ ನಾಯಿಗೆ ಪ್ಲೇಟ್‌ಲೆಟ್ ನೋಡದೆ ಮೆಲಾಕ್ಸಿಕ್ಯಾಮ್ ಕೊಡಬಾರದಿತ್ತು, ಸಾವಿಗೆ ಅದೇ ಕಾರಣ ಎನ್ನಲು ಆಧಾರವಿಲ್ಲದಿದ್ದರೂ. ನಿಜವಾಗಿ ಕೈತಪ್ಪಿದ್ದು ಮೂರನೇ ದಿನ. ಸಣ್ಣ ಗಾಜಿನ ನಳಿಗೆಗೆ ರಕ್ತ ತುಂಬಿ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ಐದು ನಿಮಿಷಕ್ಕೆ ಉತ್ತರ ಸಿಗುತ್ತದೆ: ನಾಯಿಗೆ 37ರಿಂದ 55 ಇರಬೇಕಾದ ಪಿಸಿವಿ (ರಕ್ತದಲ್ಲಿ ಕೆಂಪುಕಣಗಳ ಶೇಕಡಾ ಪಾಲು) ಎಷ್ಟಕ್ಕೆ ಇಳಿದಿದೆ, ಮೇಲಿನ ಪ್ಲಾಸ್ಮಾ ಕೆಂಪಗಿದೆಯೋ ಹಳದಿಯೋ. ಕೆಂಪಗಿದ್ದರೆ ಕಣ ಒಡೆಯುತ್ತಿದೆ ಎಂದರ್ಥ, ಲಿವರ್ ಟಾನಿಕ್‌ಗೆ ಅಲ್ಲಿ ಕೆಲಸವಿಲ್ಲ.

ಸ್ಮಿಯರ್ ನೆಗೆಟಿವ್ ಎಂದರೆ ಕಾಯಿಲೆ ಇರಲಿಲ್ಲ ಎಂದಲ್ಲ. ಗಿಬ್ಸೋನಿ ತೀರಾ ಸಣ್ಣದು, ಎಷ್ಟೋ ಸಲ ಕಣ್ಣಿಗೆ ಬೀಳುವುದೇ ಇಲ್ಲ. ಇನ್ನೆರಡು ಅನುಮಾನ ಉಳಿಯುತ್ತವೆ. ದೇಹವೇ ತನ್ನ ರಕ್ತಕಣಗಳ ಮೇಲೆ ಬೀಳುವ ಕಾಯಿಲೆ ಒಂದು, ಲೆಪ್ಟೊ (ಮೂತ್ರದಿಂದ ಮನುಷ್ಯರಿಗೂ ಹರಡುವ ಇಲಿ ಜ್ವರ) ಇನ್ನೊಂದು. ಲಸಿಕೆ ಲೆಪ್ಟೊದ ಎಲ್ಲ ತಳಿಗಳನ್ನೂ ತಡೆಯುವುದಿಲ್ಲ. ಬರಿಗೈಯಲ್ಲಿ ಮೂತ್ರ ಒರೆಸಿದವರಿಗೆ ಒಂದು ತಿಂಗಳೊಳಗೆ ಜ್ವರ, ಮೀನಖಂಡದ ನೋವು ಬಂದರೆ ವೈದ್ಯರಿಗೆ ಈ ನಾಯಿಯ ವಿಷಯ ಹೇಳಲೇಬೇಕು.

ಕಾರಣ ತಿಳಿಯಲು ಈಗ ಒಂದೇ ದಾರಿ ಇದೆ. ಐದನೇ ದಿನ ತೆಗೆದ ರಕ್ತ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿರುತ್ತದೆ. ಕೆಲವು ಲ್ಯಾಬ್‌ಗಳು ಅದನ್ನು ಕೆಲ ದಿನ ಫ್ರಿಜ್‌ನಲ್ಲಿ ಇಟ್ಟಿರುತ್ತವೆ. ಇವತ್ತೇ ಫೋನ್ ಮಾಡಿ, ಚೆಲ್ಲಬೇಡಿ ಎನ್ನಿ, ಬೆಬೀಸಿಯಾ ಮತ್ತು ಎರ್ಲಿಕಿಯಾ ಪಿಸಿಆರ್ (ರೋಗಾಣುವಿನ ಡಿಎನ್‌ಎ ಹುಡುಕುವ ಪರೀಕ್ಷೆ) ಕೇಳಿ.

ಕಡತದ_ಗಂಟು:
ಕಾನೂನಿನ ಕಣ್ಣಿಗೆ ಇಲ್ಲಿ ಮೂರು ಪ್ರಶ್ನೆ. ರೋಗ ತಪ್ಪಾಗಿ ಗುರುತಿಸಿದರೇ? ಸರಿಯಾಗಿ ಗುರುತಿಸಿದ್ದರೆ ಬದುಕುತ್ತಿತ್ತೇ? ಸಾಧಾರಣ ಎಚ್ಚರಿಕೆಯ ಇನ್ನೊಬ್ಬ ವೈದ್ಯರು ಹೀಗೆ ಮಾಡುತ್ತಿದ್ದರೇ? ಮೂರನೆಯದಕ್ಕೆ "ಇಲ್ಲ" ಎಂಬ ಉತ್ತರ ಇನ್ನೊಬ್ಬ ಪಶುವೈದ್ಯರ ಲಿಖಿತ ಅಭಿಪ್ರಾಯದಲ್ಲಿ ಬಾರದೆ ದೂರು ನಿಲ್ಲುವುದು ಕಷ್ಟ. ಮರಣೋತ್ತರ ಪರೀಕ್ಷೆ ಆಗಿದ್ದರೆ ಬಲ ಇರುತ್ತಿತ್ತು. (ಓದುವ ಬೇರೆಯವರಿಗೆ: ದೇಹವನ್ನು ಫ್ರೀಜರ್‌ಗೆ ಹಾಕಬೇಡಿ, ಹೆಪ್ಪುಗಟ್ಟಿದರೆ ಜೀವಕೋಶ ಒಡೆದು ಸೂಕ್ಷ್ಮದರ್ಶಕದಲ್ಲಿ ಏನೂ ತಿಳಿಯದು. ಐಸ್ ಸುತ್ತಿಟ್ಟು ಅದೇ ದಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂಥ ಕಡೆ ವಿಚಾರಿಸಿ.) ಹೂತದ್ದನ್ನು ಈಗ ತೆಗೆಯಬೇಡಿ, ಈ ಕಾಯಿಲೆಗೆ ಅದರಿಂದ ಹೊಸದೇನೂ ಸಿಗುವುದಿಲ್ಲ.

ಎರಡೂ ಕಡೆಯ ಕೇಸ್ ಶೀಟ್, ಚೀಟಿ, ಬಿಲ್ಲು, ರಿಪೋರ್ಟ್‌ಗಳ ನಕಲನ್ನು ಲಿಖಿತವಾಗಿ ಕೇಳಿ. ಇಂಜೆಕ್ಷನ್ ಹೆಸರು, ಪ್ರಮಾಣ, ಕೊಟ್ಟ ಹೊತ್ತು ಬರೆದಿರಲಿ. ನೀವೂ ದಿನವಾರು ಒಂದು ಪುಟ ಇವತ್ತೇ ಬರೆದಿಡಿ, ವಾಟ್ಸಾಪ್ ಮಾತುಕತೆ ಅಳಿಸಬೇಡಿ. ವೃತ್ತಿ ನಡತೆಯ ದೂರು ಕರ್ನಾಟಕ ಪಶುವೈದ್ಯಕೀಯ ಪರಿಷತ್ತಿಗೆ. ಪರಿಹಾರ ಬೇಕೆಂದರೆ ಜಿಲ್ಲಾ ಗ್ರಾಹಕ ಆಯೋಗ, ಘಟನೆಯಿಂದ 2 ವರ್ಷದೊಳಗೆ. ಕೊಟ್ಟ ಶುಲ್ಕ 5 ಲಕ್ಷದೊಳಗಿದ್ದರೆ ಆಯೋಗಕ್ಕೆ ಅರ್ಜಿ ಶುಲ್ಕವಿಲ್ಲ. ಸಂಪೂರ್ಣ ಉಚಿತವಾಗಿ ಚಿಕಿತ್ಸೆ ಕೊಡುವ ಸರ್ಕಾರಿ ಆಸ್ಪತ್ರೆಯಾದರೆ ಗ್ರಾಹಕ ಕಾಯ್ದೆ ಸಾಮಾನ್ಯವಾಗಿ ಅನ್ವಯಿಸದು, ದಾಖಲೆಯನ್ನು ಮಾಹಿತಿ ಹಕ್ಕಿನಲ್ಲಿ ತೆಗೆಸಿ.

ಫೇಸ್‌ಬುಕ್ಕಿನಲ್ಲಿ ವೈದ್ಯರ ಹೆಸರು ಹಾಕಬೇಡಿ. ಪಿಸಿಆರ್ ಬರುವ ಮೊದಲಂತೂ ಬೇಡವೇ ಬೇಡ, ಮಾನನಷ್ಟದ ನೋಟಿಸು ನಿಮ್ಮ ಬಾಗಿಲಿಗೇ ಬರುತ್ತದೆ.

ಎರಡು_ಬಟ್ಟಲು:
ಹೆಣ್ಣು ನಾಯಿಗೆ ಜ್ವರ ಬರುವವರೆಗೆ ಕಾಯಬೇಡಿ. ಈ ವಾರವೇ ಸಿಬಿಸಿ (ರಕ್ತಕಣಗಳ ಎಣಿಕೆ) ಮತ್ತು ಪಿಸಿಆರ್ ಮಾಡಿಸಿ, ನೆಗೆಟಿವ್ ಬಂದರೂ ಮೂರು ವಾರ ಬಿಟ್ಟು ಇನ್ನೊಮ್ಮೆ. ದಿನಾ ಬೆಳಿಗ್ಗೆ ವಸಡಿನ ಬಣ್ಣ, ಮೂತ್ರದ ಬಣ್ಣ ನೋಡಿ. ಮೂತ್ರವನ್ನು ಬಿಳಿ ಟಿಶ್ಯೂ ಮೇಲೆ ಹಿಡಿದರೆ ಬಣ್ಣ ಸರಿಯಾಗಿ ಗೊತ್ತಾಗುತ್ತದೆ.

ಉಣ್ಣೆ ಇರುವುದು ನಾಯಿಯ ಮೈಮೇಲಷ್ಟೇ ಅಲ್ಲ. ರಕ್ತ ಕುಡಿದ ಹೆಣ್ಣುಣ್ಣೆ ಇಳಿದುಹೋಗಿ ಗೋಡೆ ಬಿರುಕು, ಬಾಗಿಲ ಚೌಕಟ್ಟು, ಸೋಫಾ ಅಡಿಯಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಸತ್ತ ನಾಯಿಯ ಹಾಸಿಗೆಯನ್ನು ನೆನಪಿಗೆಂದು ಹಾಗೇ ಇಡಬೇಡಿ, ಕೊರಳ ಪಟ್ಟಿ ಇಟ್ಟುಕೊಂಡರೆ ಸಾಕು, ಅದನ್ನೂ ಬಿಸಿನೀರಲ್ಲಿ ತೊಳೆದು. ಬಿರುಕುಗಳನ್ನು ಸಿಮೆಂಟಿನಿಂದ ಮುಚ್ಚಿ. ಉಣ್ಣೆ ಕೊಲ್ಲುವ ಫ್ಲುರಲಾನರ್ ಮಾತ್ರೆ ಸುಮಾರು 12 ವಾರ ಕೆಲಸ ಮಾಡುತ್ತದೆ. ಫಿಟ್ಸ್ ಬಂದ ನಾಯಿಯಾದರೆ ವೈದ್ಯರನ್ನು ಕೇಳದೆ ಕೊಡಬೇಡಿ. ಮನೆಯಲ್ಲಿ ಬೆಕ್ಕಿದ್ದರೆ ಪರ್ಮೆಥ್ರಿನ್ ಎಂಬ ಕೀಟನಾಶಕ ಹತ್ತಿರ ತರಬೇಡಿ, ಅದಕ್ಕೆ ವಿಷ.

ಜೊತೆಗಾರ ಹೋದ ನಾಯಿ ಬಾಗಿಲು ಕಾಯುವುದು, ಊಟ ಕಡಿಮೆ ಮಾಡುವುದು ಇದ್ದದ್ದೇ. ಆದರೆ ನಿಮ್ಮ ಮನೆಯಲ್ಲಿ ಅದನ್ನು ದುಃಖ ಅಂದುಕೊಂಡು ಬಿಡುವ ಹಾಗಿಲ್ಲ. ಪೂರ್ತಿ ಒಂದು ದಿನ ಉಣ್ಣದಿದ್ದರೆ ಜ್ವರ ನೋಡಿ, 103 ದಾಟಿದ್ದರೆ ಅವತ್ತೇ ರಕ್ತ ಪರೀಕ್ಷೆ.

ನಿಮಗೆ ನಿದ್ದೆ ಬಾರದೆ ಅದೇ ಐದು ದಿನ ತಲೆಯಲ್ಲಿ ಸುತ್ತುತ್ತಿದ್ದರೆ ಟೆಲಿ ಮನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. "ನಾಯಿಗೋಸ್ಕರ ಫೋನ್ ಮಾಡೋದಾ" ಅನ್ನಬೇಡಿ.

ಬಾಲದ_ಮನೆ:
ಲ್ಯಾಬ್‌ಗೆ ಫೋನ್ ಮಾಡಿದೆ. ಟ್ಯೂಬ್ ಇದೆ, ಅರ್ಧ ಮಿ.ಲೀ. ಉಳಿದಿದೆಯಂತೆ. ಸಾಕಾಗುತ್ತದೆಯೇ?

ಸ್ಲೈಡ್_ನೋಡುವವ:
ಧಾರಾಳ ಸಾಕು. ಫ್ರೀಜರ್ ಬೇಡ, ಫ್ರಿಜ್‌ನಲ್ಲೇ ಇರಲಿ, ಐಸ್ ಪ್ಯಾಕ್ ಜೊತೆ ಕಳಿಸಲಿ. ಕೋರಿಕೆ ಚೀಟಿಯಲ್ಲಿ ಬೆಬೀಸಿಯಾ ಎಂದಷ್ಟೇ ಬರೆಸಬೇಡಿ, ಗಿಬ್ಸೋನಿ ಮತ್ತು ವೊಗೆಲಿ (ದೊಡ್ಡ ಜಾತಿಯದು) ಬೇರೆಬೇರೆಯಾಗಿ ನೋಡಿ ಎಂದು ಬರೆಸಿ. ಹೆಣ್ಣು ನಾಯಿಗೆ ಪಾಸಿಟಿವ್ ಬಂದರೆ ಯಾವ ಮದ್ದು ಎನ್ನುವುದು ಅದರ ಮೇಲೆಯೇ ನಿಂತಿದೆ.