ಡೇಲಿಲಿ ಸಂಜೆಗೇ ಬಾಡಿತೆಂದು ನರ್ಸರಿಯವರನ್ನು ಬೈಯಬೇಡಿ

ಅತ್ತಿಗೆ, ನಿಮ್ಮ ಫೋಟೋ ಈಗ ತಾನೇ ನೋಡಿದೆ. ಟೈಪ್ ಮಾಡುತ್ತಾ ಕೂತರೆ ಮಧ್ಯಾಹ್ನ ಆಗುತ್ತದೆ, ಅದಕ್ಕೇ ಮಾತಿನಲ್ಲೇ ಹೇಳುತ್ತೇನೆ. ಹಿಂದೆ ಕುಕ್ಕರ್ ಕೂಗಿದರೆ ಬೇಜಾರು ಮಾಡಿಕೊಳ್ಳಬೇಡಿ.

ಬೆಳಿಗ್ಗೆ ಅರಳಿದ ಡೇಲಿಲಿ ಸಂಜೆಗೆ ಮುದುಡಿತು, ಸಿದ್ದಾಪುರದ ನರ್ಸರಿಯಲ್ಲಿ ಹಳೇ ಗಿಡ ತಲೆಗೆ ಕಟ್ಟಿದರಾ ಅಂತ ಕೇಳಿದ್ದೀರಿ. ಇಲ್ಲ ಅತ್ತಿಗೆ, ಆ ಹೂವಿನ ಆಯಸ್ಸೇ ಒಂದು ದಿನ. ಹೆಸರಲ್ಲೇ 'ಡೇ' ಇದೆ ಅಲ್ವಾ? ನಮ್ಮ ದಾಸವಾಳ ಸಂಜೆಗೆ ಮುದುಡಿದರೆ ಯಾರನ್ನಾದರೂ ಬೈಯುತ್ತೇವಾ? ಅದೇ ದಂಟಿನಲ್ಲಿ ಇನ್ನೂ ಮೊಗ್ಗುಗಳಿವೆ ನೋಡಿ. ಒಂದಾದ ಮೇಲೆ ಒಂದು ಅರಳುತ್ತವೆ. ಬಾಡಿದ್ದನ್ನು ಚಿವುಟಿ ತೆಗೆಯಿರಿ, ಸಾಕು.

ಆದರೆ ಕುಂಡದ ಕೆಳಗೆ ತಟ್ಟೆ ತುಂಬ ನೀರು ನಿಂತಿದೆಯಲ್ಲ, ಅದನ್ನು ಮೊದಲು ಚೆಲ್ಲಿ. ಬುಡದ ಎಲೆ ಹಳದಿ ಆಗಿರುವುದು ಅದರಿಂದಲೇ ಇರಬೇಕು. ಗಿಡ ಆಳಕ್ಕೆ ಹೂತಂತೆಯೂ ಕಾಣುತ್ತದೆ. ನಾನೂ ಅದೇ ತಪ್ಪು ಮಾಡಿದವನು. ಲಿಲಿ ಅಂದರೆ ಸುಗಂಧರಾಜದ ಹಾಗೆ ಗಡ್ಡೆ ಇರುತ್ತದೆ ಅಂದುಕೊಂಡು ನಾಲ್ಕು ಇಂಚು ಕೆಳಗೆ ನೆಟ್ಟೆ. ಆಗಸ್ಟ್ ಮಳೆಗೆ ಕೊಳೆತು ಹೋಯಿತು. ಕಿತ್ತು ನೋಡಿದರೆ ಕೆಟ್ಟ ವಾಸನೆ! ಆಮೇಲೆ ಗೊತ್ತಾಯಿತು, ಇದು ನಿಜವಾದ ಲಿಲಿಯ ಜಾತಿಯೇ ಅಲ್ಲ, ಗಡ್ಡೆಯೂ ಇಲ್ಲ. ದಪ್ಪ ದಪ್ಪ ಬೇರು, ಅಷ್ಟೇ. ಎಲೆ ಮತ್ತು ಬೇರು ಸೇರುವ ಜಾಗ ಮಣ್ಣಿನಿಂದ ಒಂದು ಇಂಚು ಕೆಳಗಿದ್ದರೆ ಸರಿ.

ನಮ್ಮ ಕೆಂಪು ಮಣ್ಣು ಒಂದೇ ಹಾಕಿದರೆ ಕುಂಡದಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ. ಎರೆಗೊಬ್ಬರ, ಒಂದಿಷ್ಟು ದಪ್ಪ ಮರಳು ಬೆರೆಸಿ. ಬೆರಳು ಚುಚ್ಚಿ ನೋಡಿ, ಮೇಲಿನ ಒಂದೆರಡು ಇಂಚು ಒಣಗಿದ್ದರೆ ಮಾತ್ರ ನೀರು. ಮಳೆಗಾಲದಲ್ಲಿ ಸುಮ್ನೆ ಬಿಟ್ಟುಬಿಡಿ.

ಬಿಸಿಲು ದಿನಕ್ಕೆ ಆರು ಗಂಟೆ ಸಿಕ್ಕರೆ ಚೆನ್ನ. ನಿಮ್ಮ ಗ್ರಿಲ್ ಹಾಕಿದ ಬಾಲ್ಕನಿಯಲ್ಲಿ ಅಷ್ಟು ಬರಲ್ಲ, ಟೆರೇಸಿಗೆ ಸಾಗಿಸಿ. ಕಡುಗೆಂಪು ಹೂವಿನ ಗಿಡಕ್ಕೆ ಮಾತ್ರ ಮಧ್ಯಾಹ್ನ ಸ್ವಲ್ಪ ನೆರಳು ಬೇಕು, ಇಲ್ಲದಿದ್ದರೆ ಬಣ್ಣ ಮಂಕಾಗುತ್ತದೆ. ಗೊಬ್ಬರ ಜಾಸ್ತಿ ಸುರಿಯಬೇಡಿ, ಬರೀ ಎಲೆ ಬೆಳೆಯುತ್ತದೆ.

ಮುಂದೆ ಇನ್ನೊಂದು ಕೊಳ್ಳುವಾಗ ಎವರ್‌ಗ್ರೀನ್ ತಳಿ ಕೇಳಿ. ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುವ ತಳಿಗಳೂ ಇವೆ. ಅವಕ್ಕೆ ಒಳ್ಳೆಯ ಚಳಿ ಬೇಕು, ಬೆಂಗಳೂರಿನ ಡಿಸೆಂಬರ್ ಅವಕ್ಕೆ ಯಾವ ಮೂಲೆಗೆ? ಎಲೆಯ ಅಡಿಯಲ್ಲಿ ಕಿತ್ತಳೆ ಪುಡಿ ಕಂಡು ಬೆರಳಿಗೆ ಅಂಟಿದರೆ ಅದು ತುಕ್ಕು ರೋಗ. ಆ ಎಲೆ ಕತ್ತರಿಸಿ ಕಸಕ್ಕೆ ಹಾಕಿ. ನೀರು ಬುಡಕ್ಕೇ ಹಾಕಿ, ಎಲೆ ಮೇಲೆ ಬೇಡ.

ಹಾಂ, ಮುಖ್ಯವಾದದ್ದೇ ಮರೆತಿದ್ದೆ. ದೊಡ್ಡಪ್ಪನ ಮನೆಗೂ ಒಂದು ಸಸಿ ಕೊಡುತ್ತೇನೆ ಅಂದಿದ್ದಿರಿ. ದಯವಿಟ್ಟು ಬೇಡ. ಅವರ ಮನೆಯಲ್ಲಿ ಬೆಕ್ಕಿದೆ. ಈ ಗಿಡದ ಎಲೆ, ಹೂವು ಏನು ತಿಂದರೂ ಬೆಕ್ಕಿನ ಕಿಡ್ನಿ ಹಾಳಾಗುತ್ತದೆ, ಜೀವಕ್ಕೇ ಅಪಾಯ. ಅವರಿಗೆ ದಾಸವಾಳ ಕೊಡಿ.

ನನ್ನ ಗಿಡಕ್ಕೆ ನಾಲ್ಕು ವರ್ಷ ಆಯಿತು, ಕುಂಡ ತುಂಬಿ ಹೂವು ಕಡಿಮೆ ಆಗಿದೆ. ಭಾನುವಾರ ಕಿತ್ತು ಭಾಗ ಮಾಡುತ್ತೇನೆ. ಹನ್ನೆರಡು ಇಂಚಿನ ಖಾಲಿ ಕುಂಡ ಹಿಡಿದುಕೊಂಡು ಬನ್ನಿ, ತಟ್ಟೆ ಮನೆಯಲ್ಲೇ ಬಿಟ್ಟು ಬನ್ನಿ.